ಒಂದೇ ಬಂಡೆ, ಹಲವು ಲೋಕ

ಲಾಸ್ ಏಂಜಲೀಸ್‌ನ ಉತ್ತರಕ್ಕೆ, ಆಗ್ವಾ ಡುಲ್ಸೆ ಎಂಬಲ್ಲಿ, ನೆಲ ಸೀಳಿಕೊಂಡು ಓರೆಯಾಗಿ ಆಕಾಶಕ್ಕೆ ಚಾಚಿದ ಒಂದು ಬಂಡೆ ಇದೆ. ವಾಸ್ಕ್ವೆಜ್ ರಾಕ್ಸ್ ಎಂದು ಅದರ ಹೆಸರು. 1874ರಲ್ಲಿ ತಿಬುರ್ಸಿಯೋ ವಾಸ್ಕ್ವೆಜ್ ಎಂಬ ದರೋಡೆಕೋರ ಪೊಲೀಸರ ಕಣ್ಣು ತಪ್ಪಿಸಿ ಅಲ್ಲಿ ಅಡಗಿದ್ದ, ಹೆಸರು ಅವನಿಂದ ಬಂತು. 1967ರ ಜನವರಿಯಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ‘ಅರೀನಾ’ ಕಂತಿನಲ್ಲಿ ಕ್ಯಾಪ್ಟನ್ ಕರ್ಕ್, ಹಲ್ಲಿ ಮೋರೆಯ ಗಾರ್ನ್ ಜೊತೆ ಕಾದಾಡಿದ್ದು ಇದೇ ಬಂಡೆಯ ಬುಡದಲ್ಲಿ. ಅದೇ ವರ್ಷ ‘ಫ್ರೈಡೇಸ್ ಚೈಲ್ಡ್’ ಕಂತಿನಲ್ಲಿ ಅದು ಇನ್ನೊಂದು ಗ್ರಹ. ‘ದಿ ಆಲ್ಟರ್ನೇಟಿವ್ ಫ್ಯಾಕ್ಟರ್’ನಲ್ಲಿ ಮಗದೊಂದು. 1986ರ ಸ್ಟಾರ್ ಟ್ರೆಕ್ ಸಿನಿಮಾದ ಹೊತ್ತಿಗೆ ಕರ್ಕ್‌ನ ಜೊತೆಗಾರ ಸ್ಪಾಕ್‌ನ ತವರಾದ ವಲ್ಕನ್. ಕೌಬಾಯ್ ಧಾರಾವಾಹಿಗಳಲ್ಲಿ ಅದು ನಮ್ಮ ಭೂಮಿಯೇ ಆಗಿದ್ದದ್ದೂ ಉಂಟು.

ಹೀಗೆ ಒಂದೇ ಜಾಗ ಬೇರೆ ಬೇರೆ ವೇಷದಲ್ಲಿ ಬಂದಾಗ ಗುರುತು ಹಿಡಿಯುವುದು ನನಗೆ ಅಚ್ಚುಮೆಚ್ಚಿನ ಕಾಲಕ್ಷೇಪ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ಬರುತ್ತಿತ್ತು. ಅಲ್ಲಿನ ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಹಾಗಾಗಿ ಕಣ್ಣು ಮಾತಾಡುವವರನ್ನು ಬಿಟ್ಟು ಅವರ ಹಿಂದಿನ ಕಲ್ಲು, ಕುರುಚಲು ಗಿಡ, ಬಿಸಿಲು, ನೆರಳಿನ ಕಡೆಗೆ ಹೋಗುತ್ತಿತ್ತು. ನಮ್ಮ ಊರಾದ ಮಾನೋಪಾಡಿನದು ಎರೆಭೂಮಿ, ಕಣ್ಣು ಹಾಯುವಷ್ಟು ದೂರ ಹೊಲವೇ. ಅಂಥಲ್ಲಿ ಬೆಳೆದವರಿಗೆ ಒಂದು ದೊಡ್ಡ ಬಂಡೆ ಕಂಡರೆ ಅದು ಮನಸ್ಸಿನಲ್ಲಿ ಕೂತುಬಿಡುತ್ತದೆ.

ಚಿತ್ರತಂಡಗಳು ಅದೇ ವಾಸ್ಕ್ವೆಜ್ ಬಂಡೆಗೆ ಮತ್ತೆ ಮತ್ತೆ ಹೋಗಲು ಕಾರಣ ದುಡ್ಡು. ಹಾಲಿವುಡ್ ಕಾರ್ಮಿಕ ಸಂಘಗಳ ಒಪ್ಪಂದದಲ್ಲಿ ಲಾಸ್ ಏಂಜಲೀಸ್‌ನ ಒಂದು ನಿಗದಿತ ಚೌರಸ್ತೆಯಿಂದ ಸುತ್ತ 30 ಮೈಲಿಯ ವಲಯ ಎಂಬುದೊಂದಿದೆ. ಅದರೊಳಗೆ ಚಿತ್ರೀಕರಣ ಮಾಡಿದರೆ ಕೆಲಸಗಾರರ ವಸತಿ, ಭತ್ಯೆಯ ಹೊರೆ ಇರುವುದಿಲ್ಲ. ಆಗ್ವಾ ಡುಲ್ಸೆಯನ್ನೂ ಆ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ಬೆಳಿಗ್ಗೆ ಹೊರಟು, ಅನ್ಯಗ್ರಹದಲ್ಲಿ ದಿನವೆಲ್ಲ ದುಡಿದು, ರಾತ್ರಿ ಊಟಕ್ಕೆ ಮನೆ ಸೇರಬಹುದು. ಅರೀನಾ ಚಿತ್ರೀಕರಣದಲ್ಲಿ ಸಿಡಿಸಿದ ಮದ್ದಿನ ಸದ್ದಿಗೆ ತನ್ನ ಕಿವಿಯಲ್ಲಿ ಶಾಶ್ವತವಾಗಿ ಮೊರೆತ ಉಳಿಯಿತೆಂದು ಕರ್ಕ್ ಪಾತ್ರಧಾರಿ ವಿಲಿಯಂ ಶಾಟ್ನರ್ ಹೇಳಿಕೊಂಡಿದ್ದಾರೆ. ಗ್ರಹ ಸುಳ್ಳು; ಬಂಡೆ, ಬಿಸಿಲು, ಮದ್ದಿನ ಸದ್ದು ನಿಜ. ನನ್ನನ್ನು ಹಿಡಿದಿಟ್ಟಿದ್ದು ಆ ನಿಜವೇ.

ಆದರೆ ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬಂಡೆಯಲ್ಲ, ಒಂದು ಬೀದಿ. 1967ರ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಕಂತಿನಲ್ಲಿ ಕರ್ಕ್ 1930ರ ನ್ಯೂಯಾರ್ಕ್‌ಗೆ ಹೋಗಿ, ಈಡಿತ್ ಕೀಲರ್ ಎಂಬ ಹೆಣ್ಣಿಗೆ ಮನಸೋಲುತ್ತಾನೆ. ರಾತ್ರಿ ಇಬ್ಬರೂ ನಡೆದು ಬರುವಾಗ ಪಕ್ಕದ ಅಂಗಡಿಯ ಗಾಜಿನ ಮೇಲಿನ ಬರಹ ನೋಡಿ: ಫ್ಲಾಯ್ಡ್ಸ್ ಬಾರ್ಬರ್ ಶಾಪ್. ಅದು ನ್ಯೂಯಾರ್ಕ್‌ನ ಅಂಗಡಿಯಲ್ಲ. ‘ದಿ ಆಂಡಿ ಗ್ರಿಫಿತ್ ಶೋ’ ಎಂಬ ಹಾಸ್ಯ ಧಾರಾವಾಹಿಯ ಮೇಬೆರಿ ಎಂಬ ಕಲ್ಪಿತ ಹಳ್ಳಿಯ ಕ್ಷೌರದಂಗಡಿ. ಎರಡೂ ಚಿತ್ರೀಕರಣವಾದದ್ದು ಕಲ್ವರ್ ಸಿಟಿಯ ‘ಫಾರ್ಟಿ ಏಕರ್ಸ್’ ಎಂಬ ಬಯಲು ಸ್ಟುಡಿಯೋದಲ್ಲಿ. ಆ ಬಯಲಿನ ಚರಿತ್ರೆಯನ್ನು ಇನ್ನಷ್ಟು ಕೆದಕಿದರೆ ಮೈ ಜುಮ್ಮೆನ್ನುತ್ತದೆ. 1938ರ ಡಿಸೆಂಬರ್‌ನಲ್ಲಿ ‘ಗಾನ್ ವಿತ್ ದಿ ವಿಂಡ್’ಗಾಗಿ ಅಟ್ಲಾಂಟಾ ನಗರ ಹೊತ್ತಿ ಉರಿಯುವ ದೃಶ್ಯ ಬೇಕಾದಾಗ ಅಲ್ಲಿದ್ದ ಹಳೆಯ ಸೆಟ್‌ಗಳಿಗೆ ಬೆಂಕಿ ಇಟ್ಟರು, ‘ಕಿಂಗ್ ಕಾಂಗ್’ನ ಮಹಾಗೋಡೆಯೂ ಆ ಬೆಂಕಿಗೇ ಆಹುತಿಯಾಯಿತು. ಬೆಂದು ತೆರವಾದ ಜಾಗದಲ್ಲಿ ಅಟ್ಲಾಂಟಾ ಎದ್ದಿತು, ಆ ಬೀದಿಗಳೇ ಮುಂದೆ ಮೇಬೆರಿಯಾದವು, ಆಮೇಲೆ ನ್ಯೂಯಾರ್ಕ್. ‘ಮಿರಿ’ ಕಂತಿನಲ್ಲಿ ಹಿರಿಯರೆಲ್ಲ ಸತ್ತು ಮಕ್ಕಳಷ್ಟೇ ಉಳಿದ ಗ್ರಹವೂ ಅದೇ. 1976ರಲ್ಲಿ ಎಲ್ಲವನ್ನೂ ಕೆಡವಿದರು. ಈಡಿತ್ ಸಾಯುವ ದೃಶ್ಯ ಪ್ರತಿ ಸಲವೂ ನನ್ನ ಗಂಟಲು ಬಿಗಿಸುತ್ತದೆ. ಅಂಗಡಿಯ ಗುಟ್ಟು ಗೊತ್ತಾದ ಮೇಲೆ ಆ ದುಃಖ ಕಡಿಮೆಯಾಗಿಲ್ಲ, ಹೆಚ್ಚಿದೆ.

ಬ್ರಿಟನ್ನಿನ ಬಿಬಿಸಿಗೆ ಕಲ್ಲುಗಣಿಗಳೇ ಆಧಾರ. 1963ರಲ್ಲಿ ಶುರುವಾದ ‘ಡಾಕ್ಟರ್ ಹೂ’ದಲ್ಲಿ ಡಾಕ್ಟರ್ ಇಳಿದ ಗ್ರಹಗಳಲ್ಲಿ ಎಷ್ಟೋ ಗ್ರಹಗಳು ಇಂಗ್ಲೆಂಡಿನ ಕಲ್ಲುಗಣಿಗಳು, ‘ಬ್ಲೇಕ್ಸ್ 7’ರ ಕಥೆಯೂ ಅಷ್ಟೇ. 1976ರ ‘ದಿ ಹ್ಯಾಂಡ್ ಆಫ್ ಫಿಯರ್’ನಲ್ಲಿ ಡಾಕ್ಟರ್ ಮತ್ತು ಅವನ ಜೊತೆಗಾತಿ ಸಾರಾ ನಿಜವಾಗಿಯೂ ಒಂದು ಕಲ್ಲುಗಣಿಗೇ ಬಂದಿಳಿಯುತ್ತಾರೆ. ಮೇಲೆ ನಿಂತವನೊಬ್ಬ ಮದ್ದು ಸಿಡಿಯಲಿದೆ ಎಂದು ಕೈ ಬೀಸಿ ಎಚ್ಚರಿಸಿದರೆ, ಇವರು ನಮಸ್ಕಾರವೆಂದು ತಿಳಿದು ತಾವೂ ಕೈ ಬೀಸುತ್ತಾರೆ. ಅಷ್ಟು ವರ್ಷ ಬೇರೆಯವರ ಪಾತ್ರ ಮಾಡಿದ ಗಣಿಗೆ ಒಮ್ಮೆ ತನ್ನದೇ ಪಾತ್ರ ಸಿಕ್ಕಿತು. ಕೆನಡಾದಲ್ಲಾದರೆ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಕಾಂಕ್ರೀಟ್ ಕಟ್ಟಡಗಳು ‘ಸ್ಟಾರ್‌ಗೇಟ್’ನಲ್ಲೂ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದಲ್ಲೂ ಬೇರೆ ಬೇರೆ ಲೋಕಗಳಾದವು.

ನಮ್ಮ ಕಡೆ ಬಾಹ್ಯಾಕಾಶದ ಧಾರಾವಾಹಿಗಳು ಕಡಿಮೆ. 1989ರ ‘ಇಂದ್ರಧನುಷ್’ನಲ್ಲಿ ಹುಡುಗರು ಕಂಪ್ಯೂಟರ್ ಕಟ್ಟಿ ಕಾಲದಲ್ಲಿ ಪಯಣಿಸುತ್ತಾರೆ, ಅದರಲ್ಲಿ ನಾಯಕ ಹುಡುಗನ ತಂದೆಯಾಗಿ ಬಂದವರು ಗಿರೀಶ್ ಕಾರ್ನಾಡ್. ಅದಕ್ಕೆ ಮುಂಚೆ ಅವರೇ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಂದೆ. ಆ ಮಾಲ್ಗುಡಿ ಆಗುಂಬೆಯ ಬೀದಿ, ಅಲ್ಲಿನ ದೊಡ್ಡಮನೆ. ಕಂತು ಬದಲಾದಂತೆ ಅದೇ ಚೌಕ, ಅದೇ ಜಗಲಿ ಇನ್ನೊಬ್ಬರ ಬದುಕಿಗೆ ನೆಲೆಯಾಗುತ್ತಿತ್ತು. ರಾಮನಗರದ ಬಂಡೆಗಳು 1975ರಲ್ಲಿ ಗಬ್ಬರ್ ಸಿಂಗನ ಕೋಟೆ. ಡೇವಿಡ್ ಲೀನ್ ಅವರ 1984ರ ಸಿನಿಮಾದಲ್ಲಿ ಅವೇ ಬಂಡೆಗಳು ಕಲ್ಪಿತ ಗುಹೆಗಳ ಬೆಟ್ಟ. ನಮಗೆ ಹತ್ತಿರದ್ದೆಂದರೆ ತುಂಗಭದ್ರೆ ದಾಟಿದರೆ ಸಿಗುವ ಕರ್ನೂಲಿನ ಕೊಂಡಾರೆಡ್ಡಿ ಬುರುಜು. 2003ರ ‘ಒಕ್ಕಡು’ ಆದ ಮೇಲೆ ತೆಲುಗು ಸಿನಿಮಾಕ್ಕೆ ಅದು ತೀರ್ಥಕ್ಷೇತ್ರವಾಯಿತು. 2020ರ ‘ಸರಿಲೇರು ನೀಕೆವ್ವರು’ಗಾಗಿ ಅದೇ ಬುರುಜನ್ನು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಸೆಟ್ ಹಾಕಿ ಕಟ್ಟಿದರು. ನನಗೆ ಅದು ಒಗ್ಗಲಿಲ್ಲ. ಕಲ್ಲಿನ ಬುರುಜು ಬಸ್ ಹತ್ತಿದರೆ ಸಿಗುವಷ್ಟು ದೂರದಲ್ಲಿ ನಿಂತಿರುವಾಗ ಅದರ ನಕಲು ಹೇಗೆ ಒಗ್ಗೀತು?

ಒಂದೇ ಜಾಗ ಹಲವು ಲೋಕವಾಗುವುದು ನಮಗೆ ಹೊಸತಲ್ಲ. ನಮ್ಮ ಬಯಲಾಟದಲ್ಲಿ ರಂಗದ ಮೇಲೆ ಎರಡು ಸುತ್ತು ಬಂದರೆ ಕಾಡು ದಾಟಿದ ಲೆಕ್ಕ, ಇದ್ದ ಒಂದೇ ಹಲಗೆ ಇಂದ್ರಸಭೆಯೂ ಹೌದು, ಸ್ಮಶಾನವೂ ಹೌದು. ಕೂತ ಜನ ಒಪ್ಪಿಕೊಂಡರೆ ಆಯಿತು. ಕಡಿಮೆ ದುಡ್ಡಿನ ಧಾರಾವಾಹಿ ನೋಡುಗನಿಂದ ಕೇಳುವುದೂ ಅದನ್ನೇ. ಎಲ್ಲವನ್ನೂ ಕಟ್ಟಿಕೊಡುವ ಶಕ್ತಿ ಅದಕ್ಕಿಲ್ಲ, ಉಳಿದದ್ದನ್ನು ನಾವು ತುಂಬಬೇಕು. ಇಂದು ‘ದಿ ಮ್ಯಾಂಡಲೋರಿಯನ್’ನಂಥ ಧಾರಾವಾಹಿಗಳು ಗ್ರಹಗಳನ್ನು ಎಲ್‌ಇಡಿ ಗೋಡೆಯ ಮೇಲೆ ಅರಳಿಸುತ್ತವೆ. ಆ ಕಸುಬನ್ನು ನಾನು ಗೌರವಿಸುತ್ತೇನೆ. ಆದರೆ ಆ ಗೋಡೆ ಮುಂದಿನ ಕಂತಿನಲ್ಲಿ ಇನ್ನೇನೋ ಆಗಿರುತ್ತದೆ; ಹಿಂದಿನದರ ಗುರುತೇ ಇರುವುದಿಲ್ಲ. ಬಂಡೆ ಹಾಗಲ್ಲ. ಗಾರ್ನ್ ಎಸೆದ ಕಲ್ಲು ಬಿದ್ದ ಜಾಗದಲ್ಲೇ ವಲ್ಕನ್ನಿನ ಹಿರಿಯರು ನಡೆದಾಡುತ್ತಾರೆ. ಹಳೆಯ ಕಥೆಯನ್ನು ಬಲ್ಲವನಿಗೆ ಹೊಸ ಕಥೆ ಅಷ್ಟು ಆಳವಾಗಿ ಕಾಣುತ್ತದೆ.

2020ರ ‘ಸ್ಟಾರ್ ಟ್ರೆಕ್: ಪಿಕಾರ್ಡ್’ನಲ್ಲಿ ವಾಸ್ಕ್ವೆಜ್ ರಾಕ್ಸ್ ತನ್ನ ಸ್ವಂತ ಹೆಸರಿನಲ್ಲೇ ಕಾಣಿಸಿಕೊಂಡಿತು, ಭೂಮಿಯ ಮೇಲಿನ ಒಂದು ಜಾಗವಾಗಿ. ಅಷ್ಟು ದಶಕ ಅನ್ಯರ ಹೆಸರು ಹೊತ್ತ ಕಲ್ಲಿಗೆ ಅದು ತಕ್ಕ ಮರ್ಯಾದೆ.

ಈಗ ಗದ್ವಾಲ, ಮಕ್ತಲ್, ರಾಯಚೂರಿನ ಹುಡುಗರು ಕೈಯಲ್ಲಿರುವ ಫೋನಿನಲ್ಲೇ ಕಿರುಚಿತ್ರ ಮಾಡುತ್ತಿದ್ದಾರೆ. ಅವರಿಗೆ ನನ್ನ ಕೋರಿಕೆ: ಅನ್ಯಗ್ರಹದ ಕಥೆಯನ್ನೂ ಮಾಡಿ. ಓರ್ವಕಲ್ಲಿನ ಬಂಡೆಗಳಿವೆ, ಬೇತಂಚೆರ್ಲದ ಕಲ್ಲುಗಣಿಗಳಿವೆ, ಬೇಸಿಗೆಯಲ್ಲಿ ನೀರಿಳಿದ ತುಂಗಭದ್ರೆಯ ಪಾತ್ರವಿದೆ. ಅನುಮತಿ ಕೇಳಿ ಹೋಗಿ, ಕಸ ಬಿಡದೆ ಬನ್ನಿ, ಮುಂದಿನ ಕಥೆಗೂ ಅಲ್ಲಿಗೇ ಹೋಗಿ. ಕೊನೆಯಲ್ಲಿ ನಟರ ಹೆಸರು ಬರುವಾಗ ಆ ಊರಿನ ಹೆಸರನ್ನೂ ತಪ್ಪದೆ ಹಾಕಿ.