ಕಪ್ ಕೇಳಲು ನಾಚಿದ ಕಾಂಟೆ

ಫುಟ್ಬಾಲ್ ಆಟಗಾರ ಎಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ಹೊಸ ಬಗೆಯ ಕ್ಷೌರ, ಕೋಟಿ ಬೆಲೆಯ ಕಾರು. ನನ್ನ ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ. ನನಗೋ, ಆ ಆಟದ ನಿಯಮಗಳೇ ಪೂರ್ತಿ ತಿಳಿಯವು. ಆದರೂ ಎನ್‌ಗೋಲೊ ಕಾಂಟೆಯವರ ಸುದ್ದಿ ಸಿಕ್ಕರೆ ಬಿಡದೆ ಓದುತ್ತೇನೆ.

ಮಾಲಿ ದೇಶದಿಂದ ಫ್ರಾನ್ಸಿಗೆ ವಲಸೆ ಬಂದ ಕುಟುಂಬದಲ್ಲಿ 1991ರಲ್ಲಿ ಹುಟ್ಟಿದವರು ಇವರು. ಹನ್ನೊಂದರ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ತೀರಾ ಕುಳ್ಳ ಎಂದು ದೊಡ್ಡ ಕ್ಲಬ್ಬುಗಳು ತಿರುಗಿಯೂ ನೋಡಲಿಲ್ಲ. ಸಣ್ಣ ತಂಡಗಳಲ್ಲಿ ಆಡುತ್ತಲೇ ಲೆಕ್ಕಶಾಸ್ತ್ರದ ಡಿಪ್ಲೊಮಾ ಮುಗಿಸಿದರು. 2015ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿಗೆ ಸೇರಿದರು; ಹಿಂದಿನ ವರ್ಷ 14ನೇ ಸ್ಥಾನದಲ್ಲಿದ್ದ ಆ ತಂಡ 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಿತು. ಚೆಲ್ಸಿಗೆ ಹೋದರು, 2017ರಲ್ಲಿ ಅದೂ ಗೆದ್ದಿತು.

ಇವರ ಓಟ ನೋಡಿ ಲೆಸ್ಟರ್ ತರಬೇತುದಾರ ರಾನಿಯೇರಿ, ಚಡ್ಡಿಯೊಳಗೆ ಬ್ಯಾಟರಿ ಬಚ್ಚಿಟ್ಟಿದ್ದೀಯಾ ಎಂದು ಚೇಷ್ಟೆ ಮಾಡುತ್ತಿದ್ದರಂತೆ. ಭೂಮಿಯ ಮುಕ್ಕಾಲು ಪಾಲನ್ನು ನೀರು ಆವರಿಸಿದ್ದರೆ ಉಳಿದದ್ದನ್ನು ಕಾಂಟೆ ಆವರಿಸಿದ್ದಾರೆ ಎಂಬುದು ಅಭಿಮಾನಿಗಳ ನಗೆಹನಿ. 2018ರಲ್ಲಿ ಫ್ರಾನ್ಸ್ ವಿಶ್ವಕಪ್ ಗೆದ್ದಾಗ ಎಲ್ಲರೂ ಕಪ್ ಹಿಡಿದು ಕುಣಿಯುತ್ತಿದ್ದರೆ, ಇವರು ಕೇಳಲು ನಾಚಿ ಬದಿಯಲ್ಲಿ ನಿಂತಿದ್ದರು. ಜತೆಗಾರರೇ ಕರೆದು ಕೈಗಿಟ್ಟರು. ಆಮೇಲೆ ಇವರ ಮೇಲೊಂದು ಹಾಡನ್ನೇ ಕಟ್ಟಿದರು: ಚಿಕ್ಕವನು, ಒಳ್ಳೆಯವನು, ಮೆಸ್ಸಿಯನ್ನು ತಡೆದವನು, ಆದರೆ ಇಸ್ಪೀಟಿನಲ್ಲಿ ಮೋಸಗಾರ ಎಂಬರ್ಥದಲ್ಲಿ. (ಇಸ್ಪೀಟು ನನಗೆ ಹಿಡಿಸದು, ಆ ಮಾತು ಬೇರೆ.) ಕಾಂಟೆ ನಾಚಿ ನಗುತ್ತಿದ್ದರು.

ಬಾಗಿಲು ಮುಚ್ಚಿಸಿದ ಅದೇ 'ಚಿಕ್ಕವನು' ಎಂಬ ಮಾತು ಇಲ್ಲಿ ಮುದ್ದಿನ ಹೆಸರಾಗಿದೆ. ನಮ್ಮ ಮನೆಗಳಲ್ಲಿ ಹೆಣ್ಣುಮಗುವನ್ನು ಕುಳ್ಳಿ, ಕರಿ ಎಂದು ಕರೆದು ಅದರ ಕಣ್ಣು ತುಂಬಿದಾಗ, "ತಮಾಷೆಗೆ ಅಂದದ್ದಲ್ವಾ" ಎನ್ನುತ್ತೇವೆ. ಕಾಂಟೆಯ ಜತೆಗಾರರು ಮೊದಲು ಅವರ ಶ್ರಮವನ್ನು ಕಂಡಿದ್ದರು, ಬಳಿಕ ಕೀಟಲೆ ಮಾಡಿದರು. ನಾವು ಆ ಮಗುವಿನಲ್ಲಿ ಏನನ್ನು ಕಂಡಿರುತ್ತೇವೆ ಸಹೋದರಿಯರೇ?

ಇಂಗ್ಲೆಂಡಿನಲ್ಲಿ ಇವರು ಓಡಿಸುತ್ತಿದ್ದುದು ಪುಟ್ಟ ಮಿನಿ ಕಾರು. ತೆರಿಗೆ ಉಳಿಸಲು ಸಂಬಳದ ಒಂದು ಭಾಗವನ್ನು ಬೇರೊಂದು ದ್ವೀಪದ ಕಂಪೆನಿಗೆ ಹಾಕಿಸಿಕೊಳ್ಳುವ ಏರ್ಪಾಡನ್ನು ಬೇಡವೆಂದರು ಎಂದು 2018ರಲ್ಲಿ ಪತ್ರಿಕೆಗಳು ಬರೆದವು. 2023ರಲ್ಲಿ ಸೌದಿಯ ಅಲ್ ಇತ್ತಿಹಾದ್ ಕ್ಲಬ್ಬಿಗೆ ಹೋದರು. ಅಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ ಬಿಡಿ! ಅವರೇನೂ ಫಕೀರರಲ್ಲ, ಹಾಗೆ ಚಿತ್ರಿಸುವುದೂ ಸರಿಯಲ್ಲ.

ನನಗೆ ಹೆಚ್ಚು ಇಷ್ಟವಾದದ್ದು 2018ರ ಸೆಪ್ಟೆಂಬರಿನ ಒಂದು ಸಂಜೆಯ ಸಂಗತಿ. ಪಂದ್ಯ ಮುಗಿಸಿ ಪ್ಯಾರಿಸಿಗೆ ಹೊರಟವರಿಗೆ ಲಂಡನ್ನಿನಲ್ಲಿ ರೈಲು ತಪ್ಪಿತು. ಹತ್ತಿರದ ಮಸೀದಿಗೆ ನಮಾಝಿಗೆ ಹೋದರು. ಅಲ್ಲಿ ಪರಿಚಯವಾದ ಯುವಕನೊಬ್ಬ ಮನೆಗೆ ಕರೆದ. ಎರಡು ತಿಂಗಳ ಹಿಂದೆ ವಿಶ್ವಕಪ್ ಗೆದ್ದವರು, ಗುರುತೇ ಇಲ್ಲದವರ ಮನೆಗೆ ಹೋಗಿ ಊಟ ಮಾಡಿದರು, ಹುಡುಗರೊಂದಿಗೆ ಕುಳಿತು ವೀಡಿಯೊ ಆಟ ಆಡಿದರು, ಟಿವಿಯಲ್ಲಿ ಅಂದಿನ ಪಂದ್ಯಗಳನ್ನು ನೋಡಿದರು. ಕರೆದ ಯುವಕ ಚೆಲ್ಸಿಯವನಲ್ಲ, ಎದುರಾಳಿ ಅರ್ಸೆನಲ್ ತಂಡದ ಅಭಿಮಾನಿ.