ಬಣ್ಣದ ವಿಮಾನಗಳ ಲೂಟನ್

ಲಂಡನ್ನಿನಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿರುವ ಲೂಟನ್, ಟೋಪಿಗಳಿಗೆ ಹೆಸರಾದ ಊರು. ಅಲ್ಲಿನ ಫುಟ್‌ಬಾಲ್ ತಂಡಕ್ಕೆ ಇಂದಿಗೂ ಟೋಪಿಯವರೆಂದೇ ಅಡ್ಡಹೆಸರು. ಮುಂದೆ ಊರಿನ ಬಹಳ ಮಂದಿಗೆ ಅನ್ನ ಕೊಟ್ಟದ್ದು ವಾಕ್ಸ್‌ಹಾಲ್ ಕಾರು ಕಾರ್ಖಾನೆ. ಊರಿನ ಅಂಚಿನ ಗುಡ್ಡದ ಮೇಲೆ 1938ರಲ್ಲಿ ವಿಮಾನ ನಿಲ್ದಾಣವೊಂದು ಆರಂಭವಾಯಿತು. 1970ರ ದಶಕದ ಮೊದಲಲ್ಲಿ ಅಲ್ಲಿಗೆ ಹೋದವರಿಗೆ ಗುಲಾಬಿ, ಕಿತ್ತಳೆ, ನೇರಳೆ, ಹಸಿರುನೀಲಿ ಬಣ್ಣದ ವಿಮಾನಗಳು ಕಾಣುತ್ತಿದ್ದವು. ಅವು ಕೋರ್ಟ್ ಲೈನ್ ಕಂಪನಿಯವು.

ಕೋರ್ಟ್ ಲೈನ್ ಮೂಲತಃ ಹಡಗಿನ ಕಂಪನಿ. ಲೂಟನ್ನಿನ ಆಟೇರ್ ಎಂಬ ವಿಮಾನ ಸಂಸ್ಥೆಯನ್ನು ಕೊಂಡು, 1970ರ ಹೊತ್ತಿಗೆ ಅದಕ್ಕೆ ತನ್ನ ಹೆಸರನ್ನೇ ಇಟ್ಟು, ರಜೆಯ ಪ್ರವಾಸಿಗರನ್ನು ಸಾಗಿಸುವ ವ್ಯವಹಾರಕ್ಕೆ ಪೂರ್ಣವಾಗಿ ತಿರುಗಿತು. ಮೋಡ ಮುಸುಕಿದ ಬ್ರಿಟನ್ನಿನ ಕಾರ್ಮಿಕ ಕುಟುಂಬಗಳಿಗೆ ಸ್ಪೇನಿನ ಬಿಸಿಲೆಂದರೆ ದೊಡ್ಡ ಆಸೆ. ವಿಮಾನ, ಹೋಟೆಲು, ಊಟ ಎಲ್ಲ ಸೇರಿ ಒಂದೇ ದರ. ವರ್ಷವಿಡೀ ಉಳಿಸಿದ್ದನ್ನು ಪ್ರವಾಸ ಕಂಪನಿಗೆ ಮುಂಗಡವಾಗಿ ಕಟ್ಟಬೇಕು.

ಇದು ಅಗ್ಗವಾದುದು ಹೇಗೆ? ಒಂದು ಹಾರಾಟಕ್ಕೆ 1,000 ಪೌಂಡ್ ಖರ್ಚೆಂದು ಇಟ್ಟುಕೊಳ್ಳಿ. ನೂರು ಜನ ಕುಳಿತರೆ ತಲೆಗೆ ಹತ್ತು ಪೌಂಡ್. ಐವತ್ತೇ ಜನವಾದರೆ ಇಪ್ಪತ್ತು. ವೇಳಾಪಟ್ಟಿಯ ವಿಮಾನ ಅರ್ಧ ಖಾಲಿಯಿದ್ದರೂ ಹೊರಡಲೇಬೇಕು. ಬಾಡಿಗೆ ವಿಮಾನವನ್ನಾದರೋ ಪ್ರವಾಸ ಕಂಪನಿ ಇಡಿಯಾಗಿ ಹಿಡಿದು, ಆಸನಗಳನ್ನೆಲ್ಲ ಮೊದಲೇ ಮಾರಿಬಿಡುತ್ತದೆ. ವಿಮಾನ ರಾತ್ರಿ ಹಗಲೆನ್ನದೆ ಹಾರುತ್ತದೆ. ಆಸನಗಳು ತುಂಬುವವರೆಗೆ ಲೆಕ್ಕ ಸರಿ. ತುಂಬದಿದ್ದರೆ ಅದೇ ಲೆಕ್ಕ ಕುತ್ತಿಗೆಗೆ ಬರುತ್ತದೆ.

1973ರಲ್ಲಿ ಕೋರ್ಟ್ ಲೈನ್ 400 ಆಸನಗಳ ಎರಡು ಟ್ರೈಸ್ಟಾರ್ ವಿಮಾನಗಳನ್ನು ತರಿಸಿತು. ಯೂರೋಪಿನಲ್ಲಿ ಈ ವಿಮಾನ ಹಾರಿಸಿದವರಲ್ಲಿ ಅದೇ ಮೊದಲು. ಅವುಗಳ ಹೆಸರು 'ಹಾಲ್ಸಿಯಾನ್ ಡೇಸ್' ಮತ್ತು 'ಹಾಲ್ಸಿಯಾನ್ ಬ್ರೀಜ್'. ಹಾಲ್ಸಿಯಾನ್ ಎಂದರೆ ಗ್ರೀಕರ ಕಥೆಯ ಮಿಂಚುಳ್ಳಿ. ಅದು ಮೊಟ್ಟೆಯಿಡುವ ದಿನಗಳಲ್ಲಿ ಕಡಲು ಶಾಂತವಾಗಿರುತ್ತದೆಂದು ನಂಬಿಕೆ. ನಮ್ಮ ಕೆರೆ, ಗದ್ದೆಗಳ ಬಳಿ ತಂತಿಯ ಮೇಲೆ ಕೂರುವ ಬಿಳಿಗೊರಳಿನ ಮಿಂಚುಳ್ಳಿಯ ವೈಜ್ಞಾನಿಕ ಹೆಸರಿನಲ್ಲೂ ಇದೇ ಪದವಿದೆ.

ಆದರೆ ಕಡಲು ಶಾಂತವಾಗಿರಲಿಲ್ಲ. ಕೋರ್ಟ್ ಲೈನಿನ ದೊಡ್ಡ ಗಿರಾಕಿಯಾದ ಕ್ಲಾರ್ಕ್‌ಸನ್ಸ್ ಪ್ರವಾಸ ಕಂಪನಿ ದರ ಇಳಿಸಿ ಇಳಿಸಿ ನಷ್ಟದಲ್ಲಿತ್ತು. ಅದು ಮುಳುಗಿದರೆ ವಿಮಾನಗಳು ಖಾಲಿ. ಹಾಗಾಗಿ ಕೋರ್ಟ್ ಲೈನ್ 1973ರಲ್ಲಿ ಅದನ್ನೇ ಕೊಂಡಿತು; ಮುಳುಗುವವನನ್ನು ಬೆನ್ನಿಗೆ ಕಟ್ಟಿಕೊಂಡು ಈಜಿದ ಹಾಗೆ. ಅದೇ ವರ್ಷಾಂತ್ಯದ ಅರಬ್-ಇಸ್ರೇಲ್ ಯುದ್ಧದ ಬೆನ್ನಲ್ಲೇ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಬ್ರಿಟನ್ನಿನ ಕಾರ್ಖಾನೆಗಳು ವಾರಕ್ಕೆ ಮೂರೇ ದಿನ ನಡೆದಾಗ ಜನ ಪ್ರವಾಸದ ಮಾತನ್ನೇ ಬಿಟ್ಟರು.

1974ರ ಜೂನ್‌ನಲ್ಲಿ ಕಂಪನಿಯ ಹಡಗುಕಟ್ಟೆಗಳನ್ನು ವಹಿಸಿಕೊಳ್ಳುವುದಾಗಿ ಹೇಳಿದ ಸಚಿವ ಟೋನಿ ಬೆನ್, ಆ ಬೇಸಿಗೆಯ ಪ್ರವಾಸಗಳಿಗೆ ಧಕ್ಕೆಯಾಗದೆಂಬ ಅರ್ಥದ ಮಾತನ್ನೂ ಆಡಿದರು. ಜನ ನಂಬಿದರು. ಆಗಸ್ಟ್ 15ರಂದು, ರಜೆಯ ಕಾಲ ತುಂಬಿರುವಾಗಲೇ, ಕೋರ್ಟ್ ಲೈನ್ ಕುಸಿಯಿತು.

ಹತ್ತಾರು ಸಾವಿರ ಮಂದಿ ಪರದೇಶದ ಹೋಟೆಲುಗಳಲ್ಲಿ ಉಳಿದುಬಿಟ್ಟರು. ಪ್ರವಾಸ ಕಂಪನಿಗಳು ಮೊದಲೇ ಇಟ್ಟಿದ್ದ ಜಾಮೀನು ಹಣದಿಂದ ಅವರನ್ನು ಊರಿಗೆ ತರಲಾಯಿತು. ಹೊರಟೇ ಇರದವರ ಸ್ಥಿತಿ ಇನ್ನೂ ಕಷ್ಟ. ಹಣ ಕಟ್ಟಿ ರಸೀದಿ ಹಿಡಿದು ಕುಳಿತವರಿಗೆ ಕೊಡಲು ಏನೂ ಮಿಕ್ಕಿರಲಿಲ್ಲ. ಮಕ್ಕಳಿಗೆ ಹೇಗೆ ಹೇಳುವುದೆಂಬ ಚಿಂತೆ ಎಷ್ಟು ಮನೆಗಳಲ್ಲಿತ್ತೋ! 1975ರಲ್ಲಿ ಸಂಸತ್ತು ಕಾನೂನು ಮಾಡಿ ಪ್ರವಾಸಿಗರ ಮೀಸಲು ನಿಧಿಯೊಂದನ್ನು ಸ್ಥಾಪಿಸಿತು. ಪ್ರವಾಸ ಕಂಪನಿಗಳ ವಹಿವಾಟಿನ ಮೇಲೆ ಸಣ್ಣ ಪಾಲು ವಸೂಲು ಮಾಡಿ ಅದನ್ನು ತುಂಬಿತು. ಕೋರ್ಟ್ ಲೈನಿನಿಂದ ಕಳೆದುಕೊಂಡವರಿಗೂ ಅದರಿಂದಲೇ ಹಣ ಸಂದಿತು. ತನಿಖೆ ನಡೆಸಿದ ಸಂಸದೀಯ ಆಯುಕ್ತರು ಸಚಿವರ ಭರವಸೆಯ ಮಾತನ್ನು ಟೀಕಿಸಿದರು.

ಲೂಟನ್ ನಿಲ್ದಾಣ ಮಾತ್ರ ನಿಲ್ಲಲಿಲ್ಲ. ಬ್ರಿಟಾನಿಯಾ, ಮೊನಾರ್ಕ್ ಮೊದಲಾದವು ಅಲ್ಲಿಂದ ಹಾರುತ್ತಲೇ ಇದ್ದವು; ಮೊನಾರ್ಕ್ ಕೂಡ 2017ರ ಅಕ್ಟೋಬರ್‌ನಲ್ಲಿ ಒಂದು ಬೆಳಗಿನ ಜಾವ ಬಾಗಿಲು ಹಾಕಿತು. ಕೋರ್ಟ್ ಲೈನಿನ ಎರಡು ಟ್ರೈಸ್ಟಾರ್‌ಗಳು ಕೆಲಕಾಲ ಕೆಲಸವಿಲ್ಲದೆ ನಿಂತು, ಬಳಿಕ ಬಣ್ಣ ಬದಲಿಸಿ ಹಾಂಕಾಂಗಿನ ಕ್ಯಾಥೆ ಪೆಸಿಫಿಕ್ ಸಂಸ್ಥೆಯ ಕೆಲಸಕ್ಕೆ ಸೇರಿದವು.