ಮೊಮ್ಮಗನ ಮರಿಂಬಾ, ಎದುರು ಮನಿ ಅಜ್ಜನ ಬ್ಯೂಗಲ್

ಅಮೇರಿಕಾದಿಂದ ಬಂದಾಗಿಂದ ಎಲ್ಲಾರೂ ಕೇಳೋದು ಒಂದ, 'ನಯಾಗರಾ ನೋಡಿದ್ರೇನ್ರೀ?' ಅಂತ. ನೋಡಿದ್ವಿ. ನೀರು ಭಾಳ ಬೀಳ್ತದ. ಅದರ ಬಗ್ಗೆ ನನಗಿಂತ ಛಲೋ ಬರದವ್ರು ನಮ್ಮೊಳಗ ಇದ್ದಾರ, ಅವರನ್ನ ಕೇಳ್ರಿ. ನಾ ಇವತ್ತ ಬರೀಬೇಕಂತ ಕೂತದ್ದು ಅಲ್ಲಿ ಕಂಡ ಒಂದು ಮೈಕಿನ ಜಗಳದ ಸುದ್ದಿ.

ಅಕ್ಕಗ 70 ಆತು. ಒಬ್ಬಾಕಿನ್ನ ವಿಮಾನದಾಗ ಕಳಸೋದು ಬ್ಯಾಡ ಅಂತ ಜೋಡಿಗೆ ನನ್ನ ಕಳಿಸಿದ್ರು. ಅಕಿ ಮಗಳು ಇರೋದು ಇಂಡಿಯಾನಾ ರಾಜ್ಯದಾಗ, ಇಂಡಿಯಾನಾಪೊಲಿಸ್ಸಿನಿಂದ ಕಾರಿನಾಗ ಒಂದು ತಾಸು. ಅಕ್ಕ ಹೋಗಬೇಕಂತ ಹಟಾ ಹಿಡದದ್ದು ಮೊಮ್ಮಗನ ಸಲುವಾಗಿ. ಅವಂಗ 19. ಡ್ರಮ್ ಕೋರ್ ಸೇರ್ಯಾನ, ಅವಾ ನುಡಸೋದನ್ನ ಒಮ್ಮೆರೆ ಕೇಳಬೇಕು ಅಂತ ಅಕಿದು. ಮಜಾ ಅಂದ್ರ ಅಕ್ಕಗ ಕಿವಿ ಸರಿಯಾಗಿ ಕೇಳಸಂಗಿಲ್ಲ. ಮಕ್ಕಳು ಮಷಿನ್ ಮಾಡಿಸಿ ಕೊಟ್ಟಾರ, ಆದ್ರ ಅದು ಇರೋದು ಪರ್ಸಿನಾಗ. ಹಾಕ್ಕೋ ಅಂದ್ರ, 'ಹಾಕ್ಕೊಂಡ್ರ ಭಾಂಡಿ ತೊಳಿಯೋದೂ ಗುಡುಗಿಧಂಗ ಕೇಳಸ್ತದ, ಬ್ಯಾಡ ಹೋಗ' ಅಂತಾಳ.

ಈ ಡ್ರಮ್ ಕೋರ್ ಅನ್ನೋದನ್ನ ಬರದದ್ದು ನೋಡಿದ್ರ ಕಾರ್ಪ್ಸ್ ಅಂತ ಕಾಣಸ್ತದ. ನಾ ಹಂಗ ಓದಿ ಎಲ್ಲಾರ ಕಡೆ ನಗಿಸ್ಕೊಂಡೆ. ನಮ್ಮಲ್ಲೆ ಲಗ್ನದಾಗ ಬ್ಯಾಂಡ್ ಬರ್ತದಲ್ಲ, ಅದು ನಿಮ್ಮ ಕಣ್ಣಮುಂದ ಬಂದಿದ್ರ ತಗದು ಬಾಜೂಕ ಇಡ್ರಿ. ಇದು ನೂರೈವತ್ತು ಹುಡುಗ್ರು-ಹುಡಿಗ್ಯಾರು ಫುಟ್‌ಬಾಲ್ ಮೈದಾನದಾಗ ಓಡಿಕೋತ, ಹಿಂದಕ್ಕ ನಡಕೋತ, ಚೌಕ ಆಗಿ, ಸುತ್ತಾಗಿ, ಚದುರಿ, ಕೂಡಿ, ಅದರ ಜೋಡಿನ ತುತ್ತೂರಿ ಊದಿ ಡ್ರಮ್ ಬಾರಸೋದು. ಕೊಳಲು, ಕ್ಲಾರಿನೆಟ್ ಇರಂಗಿಲ್ಲ. ಹಿತ್ತಾಳಿ ವಾದ್ಯ, ಡ್ರಮ್, ಮತ್ತ ನಿಶಾನಿ ಬೀಸಿ ಕುಣಿಯೋ ಹುಡುಗ್ರು. ಹತ್ತು-ಹನ್ನೆರಡು ಮಿನಿಟಿನ ಆಟ, ಅದಕ್ಕ ಮೇ ತಿಂಗಳಿಂದ ಆಗಸ್ಟ್ ತನಕ ದಿನಾ ಬಿಸಲಾಗ ತಾಲೀಮು. ಊರೂರು ಬಸ್ಸಿನಾಗ ತಿರಗ್ತಾರ, ರಾತ್ರಿ ಯಾವುದರೆ ಸಾಲಿ ಜಿಮ್ಮಿನ ನೆಲದ ಮ್ಯಾಲೆ ಮಲಗ್ತಾರ. ಇದಕ್ಕ ಅವರಿಗೇನು ರೊಕ್ಕಾ ಕೊಡಂಗಿಲ್ಲ, ಉಲ್ಟಾ ಇವರ ಸಾವಿರಾರು ಡಾಲರ್ ತುಂಬಬೇಕು. ಅದನ್ನ ಕೇಳಿ ನಾ ಬಾಯಿ ಮ್ಯಾಲೆ ಕೈ ಇಟ್ಕೊಂಡೆ.

ಮೊದಲನೇ ಮಹಾಯುದ್ಧ ಮುಗಿಸಿ ಬಂದ ಸಿಪಾಯಿಗೋಳ ಸಂಘದಿಂದ ಇದು ಬೆಳದದ್ದಂತ. 1972ರಾಗ ಕೆಲವು ತಂಡ ಕೂಡಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಅಂತ ಮಾಡ್ಕೊಂಡ್ರು. ಇದನ್ನೆಲ್ಲಾ ನಂಗ ಹೇಳಿದವ್ರು ಎದುರು ಮನಿ ಅಜ್ಜ. ಆ ಕಾಲಕ್ಕ ಅವರೂ ಹರೇದಾಗ ಒಂದು ತಂಡದಾಗ ಬ್ಯೂಗಲ್ ಊದ್ತಿದ್ರು. ಅದು ಇನ್ನೂ ಅವರ ಮನ್ಯಾಗ ಅದ. ವಾರಕ್ಕೊಮ್ಮೆ ತಿಕ್ಕಿ ಫಳಾ ಫಳಾ ಮಾಡಿ ಇಡ್ತಾರ, ನಾವು ಸಮಿ ತಿಕ್ಕಿಧಂಗ.

ಜಗಳಕ್ಕ ಬರ್ತೀನಿ. ನಮ್ಮ ಹುಡುಗ ನುಡಸೋದು ಮರಿಂಬಾ. ಜಲತರಂಗದಾಗ ಬಟ್ಟಲ ಇರ್ತಾವಲ್ಲ, ಅದರ ಬದಲಿ ಉದ್ದುದ್ದ ಪಟ್ಟಿ ಜೋಡಿಸಿಧಂಗ ಅನ್ಕೋರಿ, ಪಟ್ಟಿ ಕೆಳಗ ಕೊಳವಿ. ಉಲ್ಲನ್ ದಾರಾ ಸುತ್ತಿದ ಕೋಲು, ಒಂದೊಂದು ಕೈಯಾಗ ಎರಡೆರಡು ಹಿಡದು ನುಡಸ್ತಾನ. ಇಷ್ಟು ದೊಡ್ಡ ವಾದ್ಯ ಹೊತ್ತು ಓಡ್ಲಿಕ್ಕೆ ಆಗಂಗಿಲ್ಲ, ಮೈದಾನದ ಮುಂದ ಇಟ್ಟು ನಿಂತು ನುಡಸ್ತಾರ. ಹಿಂದ ಎಪ್ಪತ್ತು-ಎಂಬತ್ತು ಮಂದಿ ತುತ್ತೂರಿ ಊದ್ಲಿಕತ್ರ ಈ ಮರಿಂಬಾ ಯಾರಿಗೆ ಕೇಳಸಬೇಕು? ಹಿಂದಕಿನ ಕಾಲದಾಗ ಗಟ್ಟಿ ಕೋಲು ತಗೊಂಡು ಜೋರ ಜೋರ ಹೊಡಿಯೋದು ಒಂದ ದಾರಿ ಇತ್ತು. 2004ರಾಗ ಮೈಕ್ ಇಟ್ಕೋಬಹುದು ಅಂತ ನಿಯಮ ಬಂತು. ಅದರ ಜೋಡಿನ ಮೈಕಿನಾಗ ಮಾತಾಡಬಹುದು, ಹಾಡಬಹುದು ಅಂತನೂ ಆತು. 2009ರಾಗ ಸಿಂಥಸೈಜರ್, ರೆಕಾರ್ಡ್ ಮಾಡಿಟ್ಟ ಸಪ್ಪಳ, ಎಲ್ಲಾ ಬಂದ್ವು. ಅವಾಗಿಂದ ಶುರು ಆದ ವಾದ ಇನ್ನೂ ಮುಗದಿಲ್ಲ.

ಒಂದು ದಿವಸ ನಮ್ಮ ಹುಡುಗ ರಜಾಕ್ಕ ಬಂದಿದ್ದ. ಅಜ್ಜ ಚಹಾಕ್ಕ ಬಂದ್ರು. ಅವಲಕ್ಕಿ ಹಚ್ಚಿ ಕೊಟ್ಟಿದ್ದೆ, ಖಾರ ಅನಕೋತ ಎರಡು ಸಲೆ ಹಾಕಿಸ್ಕೊಂಡ್ರು. ಅಲ್ಲೇ ಶುರು ಆತು.

'ನಮ್ಮ ಕಾಲದಾಗ ನಾವು ಊದಿದ್ರ ಎದಿಯಿಂದ ಬರ್ತಿತ್ತು. ಈಗ ಒಬ್ಬಾಂವ ಒಂದು ಗುಂಡಿ ಒತ್ತತಾನ, ನೆಲಾ ನಡಗತದ. ನಾ ಯಾರಿಗೆ ಚಪ್ಪಾಳಿ ಹೊಡೀಲಿ? ಕರೆಂಟಿನವರಿಗೆ?' ಅಂದ್ರು ಅಜ್ಜ. ಮತ್ತ ಆ ಮೈಕಿನ ದಪ್ಪ-ಸಣ್ಣ ಮಾಡೋವ್ರು ದೊಡ್ಡವ್ರು, ಪಗಾರದವ್ರು. ಹುಡುಗ್ರ ಆಟದಾಗ ದೊಡ್ಡವ್ರ ಕೈ ಯಾಕ ಅಂತ ಕೇಳಿದ್ರು. ಸ್ಪೀಕರ್, ಮಿಕ್ಸರ್, ಜನರೇಟರ್, ಅವನ್ನ ಹೊರಲಿಕ್ಕೆ ಲಾರಿ. ಸಣ್ಣ ಊರಿನ ಬಡ ತಂಡಗೋಳು ಎಲ್ಲಿಂದ ತರಬೇಕು, ಅದಕ್ಕ ಅವು ಮುಚ್ಚಿ ಹೋದ್ವು ಅಂದ್ರು.

ಹುಡುಗ ಬಿಡ್ತಾನೇನು? 'ನೂರಾರು ತಂಡ ಮುಚ್ಚಿದ್ದು ಮೈಕ್ ಬರೋಕಿಂತ ಮೊದಲ. ನಿಮ್ಮ ಕಾಲದಾಗ ಝೈಲೊಫೋನ್ ಕೊಳ್ಳಿಗೆ ಕಟ್ಕೊಂಡು ನಡೀತಿದ್ರು. ಎಂಬತ್ತರ ದಶಕದಾಗ ನೆಲದ ಮ್ಯಾಲೆ ಇಟ್ರು, ಆಗ ಧರ್ಮ ಕೆಡಲಿಲ್ಲ? ಬ್ಯೂಗಲ್ ಒಂದ ಶ್ರುತಿದು ಇರಬೇಕು ಅಂತಿತ್ತು, 2000ದಾಗ ಅದೂ ಹೋತು. ಆಗ್ಲೂ ನೀವು ಮುಗೀತು ಅಂದ್ರಿ.' ಆಮ್ಯಾಲೆ ಮುಂಗೈ ಮುಂದ ಮಾಡಿದಾ. 'ಮೈಕ್ ಇಲ್ಲಂದ್ರ ನಾ ಬಡೀಬೇಕಾಗ್ತದ, ನುಡಸ್ಲಿಕ್ಕೆ ಆಗಂಗಿಲ್ಲ. ಮೆತ್ತಗ ನುಡಸ್ಲಿಕ್ಕೆ ನಾ ಎಂಟು ವರ್ಷ ಕಲತೀನಿ.'

ಅವಾ ಹೇಳಿದ್ದು ನಂಗ ಎದಿಗೆ ನಾಟ್ತು. ನನ್ನ ದನಿ ಎಷ್ಟು ಸಣ್ಣದು ಅಂತ ನಿಮಗ ಗೊತ್ತದ. ನಮ್ಮ ಭಜನಾ ಮಂಡಳಿಯೊಳಗ ಇಪ್ಪತ್ತು ವರ್ಷ ನಾ ಬರೇ ತಾಳಾ ಹಾಕೀನಿ. ಮೈಕ್ ಬಂದಾಗ ಇನ್ನ ನನ್ನ ಸರತಿ ಅನ್ಕೊಂಡಿದ್ದೆ. ಆದ್ರ ಆಗಿದ್ದೇನು? ಮೊದಲಿಂದ ಜೋರ ಇದ್ದವರ ಕೈಯಾಗನ ಮೈಕೂ ಹೋತು! (ಯಾರು ಅಂತ ಬರ್ಯಂಗಿಲ್ಲ, ಅವರೂ ಇದನ್ನ ಓದ್ತಾರ.) ಅದಕ್ಕ ನಾ ಇಬ್ಬರ ಪೈಕಿನೂ ಆಗಲಿಲ್ಲ. ಸಣ್ಣ ದನಿಗೆ ಮೈಕ್ ಕೊಟ್ರ ನ್ಯಾಯ, ದೊಡ್ಡ ದನಿಗೆ ಕೊಟ್ರ ಅನ್ಯಾಯ, ಇಷ್ಟ ನನಗ ತಿಳದದ್ದು. ಹಂಗಂತ ಇಂಗ್ಲೀಷಿನಾಗ ಅಜ್ಜಗ ಹೇಳ್ಲಿಕ್ಕೆ ಬರಲಿಲ್ಲ, ಮತ್ತೊಂದು ಚಮಚಾ ಅವಲಕ್ಕಿ ಹಾಕಿದೆ.

ಮುಂದ ಅಜ್ಜ ತಮ್ಮನಿಗೆ ಕರದು ಟೀವಿಯೊಳಗ ಹಳೇ ಆಟ ತೋರಿಸಿದ್ರು. ಕೆಡೆಟ್ಸ್ ಅಂತ ಒಂದು ತಂಡ, 1934ರಾಗ ಹುಟ್ಟಿದ್ದು, ಈಗ ಮುಚ್ಚೇದ. 2007ರ ಅವರ ಆಟದಾಗ ಹುಡುಗ್ರು ಮೈಕ್ ಹಿಡದು ಮಾತಾಡತಾರ, ತಾವು ಏನನ್ನ ನಂಬತೀವಿ ಅಂತ. ಭಾಳ ಮಂದಿಗೆ ಅದು ಸೇರಲಿಲ್ಲಂತ. ನಂಗೂ ಸೇರಲಿಲ್ಲ. ಅಷ್ಟು ಚಂದ ಊದ್ಲಿಕತ್ತಾಗ ಮ್ಯಾಲೆ ಮಾತು ಯಾಕ? ಸಾರಿನಾಗ ಮಜ್ಜಿಗಿ ಹಾಕಿಧಂಗ. ಎರಡೂ ಛಲೋನ, ಆದ್ರ ಬ್ಯಾರೆ ಬ್ಯಾರೆ ಉಣಬೇಕು.

ಆಮ್ಯಾಲೆ ಹುಡುಗ ರಿಮೋಟ್ ಕಸ್ಕೊಂಡು ಬ್ಲೂಕೋಟ್ಸ್ ಅನ್ನೋ ತಂಡದ್ದು ಹಚ್ಚಿದಾ. ಒಹಾಯೊದ ಕ್ಯಾಂಟನ್ ಊರಿನವ್ರು, 2014ರ 'ಟಿಲ್ಟ್' ಅನ್ನೋ ಆಟ. ಅದರಾಗ ತುತ್ತೂರಿ ದನಿಯೊಳಗ ಸಿಂಥಸೈಜರ್ ದನಿ ಕೂಡಿ, ಇಡೀ ಮೈದಾನದ ಸ್ವರಾ ಮೀಂಡ ತಗದಂಗ ಜಾರ್ತದ. ಧಾರವಾಡದಾಗ ಹುಟ್ಟಿದವ್ರಿಗೆ ಮೀಂಡ ಏನು ಅಂತ ಹೇಳೋದು ಬ್ಯಾಡಲ್ಲ? ನನ್ನ ಮೈಮ್ಯಾಲೆ ಮುಳ್ಳೆದ್ವು. ಅಜ್ಜ ಏನೂ ಮಾತಾಡಲಿಲ್ಲ. ಮುಗದ ಮ್ಯಾಲೆ, 'ಇನ್ನೊಮ್ಮೆ ಹಚ್ಚು' ಅಂದ್ರು. ಹುಡುಗ ನನ್ನ ನೋಡಿ ಕಣ್ಣು ಹೊಡದಾ.

ಜುಲೈದಾಗ ನಾವು ಅವನ ಆಟ ನೋಡ್ಲಿಕ್ಕೆ ಹೋದ್ವಿ, ಎರಡು ತಾಸಿನ ದಾರಿ, ಒಂದು ಸಣ್ಣ ಊರಿನ ಹೈಸ್ಕೂಲ್ ಮೈದಾನ. ಅಜ್ಜನೂ ಬಂದ್ರು. ಈ ಆಟದಾಗ ಎತ್ತರದ ಸೀಟಿಗೆ ರೊಕ್ಕಾ ಜಾಸ್ತಿ, ಅಲ್ಲಿಂದ ಚಿತ್ರಾ ಕಾಣಸ್ತದ ಅಂತ. ನಾವು ತಗೊಂಡದ್ದು ಕೆಳಗಿಂದು, ಸೋವಿದು. ಹಿಂಗಾಗಿ ಮರಿಂಬಾ ನಮ್ಮ ಮೂಗಿನ ಮುಂದನ ಬಂತು. ತುತ್ತೂರಿ ಎಲ್ಲಾ ನಮ್ಮ ಕಡೆ ತಿರುಗಿ ಒಮ್ಮೆ ಊದಿದ್ವು ನೋಡ್ರಿ, ಅಕ್ಕ ನನ್ನ ಕೈ ಗಟ್ಟಿ ಹಿಡದ್ಲು. 'ಎದ್ಯಾಗ ಕೇಳಸ್ತು!' ಅಂದ್ಲು. ಆಮ್ಯಾಲೆ ಸಣ್ಣ ಹುಡುಗೀ ಗತೆ ಕೇಳಿದ್ಲು, 'ಅವಾ ಶುರು ಮಾಡ್ಯಾನೇನ? ಅವಂದ್ಯಾವುದು?' ಮಷಿನ್ ಹಾಕ್ಕೋ ಅಂದೆ. ಬ್ಯಾಡ ಅಂತ ತಲಿ ಅಲ್ಲಾಡಿಸಿದ್ಲು.

ಐದಾರು ಮಿನಿಟ್ ಆಗಿರಬೇಕು, ಜನರೇಟರ್ ಧಡ್ ಅಂತ ನಿಂತ್ತು. ಸ್ಪೀಕರ್ ಎಲ್ಲಾ ಸತ್ವು. ಹಿಂದಿನ ಡ್ರಮ್ಮು, ತುತ್ತೂರಿ ನಡದ ಇದ್ವು, ಅವಕ್ಕೇನು ಕರೆಂಟ್ ಬೇಕೇನು? ಆದ್ರ ಸಿಂಥಸೈಜರಿನ ಹುಡುಗಿ ಕೈ ಮ್ಯಾಲೆ ಎತ್ತಿ ಹಂಗ ನಿಂತ್ಲು. ನಮ್ಮ ಹುಡುಗನ ಸಾಲಿನವ್ರು ನಿಲ್ಲಿಸಲಿಲ್ಲ. ತಾವು ಯಾರಿಗೂ ಕೇಳಸಂಗಿಲ್ಲ ಅಂತ ಅವರಿಗೆ ಗೊತ್ತಾತು, ಮಾರಿ ಮ್ಯಾಲೆ ಕಾಣಸ್ತು. ಆದ್ರೂ ಒಂದ ಅಳತಿಯಾಗ, ಒಂದ ಎತ್ತರಕ್ಕ ಕೋಲು ಎತ್ತಿ ಇಳಿಸಿ ನುಡಸಿದ್ರು. ಆ ಹೊತ್ತಿಗೆ ತುತ್ತೂರಿಯವ್ರು ಮೆಲ್ಲಕ ಊದೋ ಭಾಗ ಬಂತು, ಆಗ ನಂಗ ಕೇಳಸ್ತು. ಸ್ಪೀಕರಿನಾಗ ಬರ್ತಿದ್ದ ದಪ್ಪ ಸಪ್ಪಳ ಅಲ್ಲ, ಹಂಚಿನ ಮಾಡಿಂದ ಮಳಿಹನಿ ನೀರಾಗ ಬಿದ್ದಂಗ ಒಂದು ದನಿ. ಹಿಂದ ತಿರುಗಿ ನೋಡಿದೆ. ಮ್ಯಾಲಿನ ಸೀಟಿನವ್ರು ಏನಾತು ಅಂತ ಒಬ್ಬರೊಬ್ಬರ ಮಾರಿ ನೋಡ್ಲಿಕತ್ತಿದ್ರು. ಅವರಿಗೆ ಏನೂ ಕೇಳಿದ್ದಿಲ್ಲ. ಅಕ್ಕಗೂ ಕೇಳಿದ್ದಿಲ್ಲ.

ನಾ ಅನ್ಕೊಂಡಿದ್ದೆ, ಅಜ್ಜ ಇವತ್ತ ಬಿಡಂಗಿಲ್ಲ, 'ನೋಡು, ನಾ ಹೇಳಿದ್ದಿಲ್ಲೇನು' ಅಂತಾರ ಅಂತ. ಹುಡುಗ ಬಸ್ಸಿನ ಮರಿಗೆ ನಿಂತು ಕಣ್ಣು ಒರಸ್ಕೊಳ್ಲಿಕತ್ತಿದ್ದ. ಅಜ್ಜ ಹೋಗಿ ಅವನ ಹೆಗಲ ಮ್ಯಾಲೆ ಕೈ ಇಟ್ಟು, 'ನೀವು ಕೈ ಬಿಡಲಿಲ್ಲ' ಅಂದ್ರು. ಅಷ್ಟ. ಜನರೇಟರಿನ ಸುದ್ದಿ ತಗೀಲೇ ಇಲ್ಲ.

ಮರುದಿವಸ ಆ ಊರಾಗನ ಅವರಿಗೆ ಅಡಗಿ ಮಾಡ್ಲಿಕ್ಕೆ ಕೈ ಕೊಡಬೇಕಿತ್ತು. ಇವರ ಜೋಡಿ ಒಂದು ಅಡಗಿ ಲಾರಿನೂ ತಿರಗತದ, ತಂದಿ-ತಾಯಿ ಪಾಳಿ ಮ್ಯಾಲೆ ಬಂದು ಬೇಯಸ್ತಾರ. ನಾನೂ ಅಕ್ಕನೂ ಉಳ್ಳಾಗಡ್ಡಿ ಹೆಚ್ಚಿದ್ವಿ. ಎಷ್ಟಂತೀರಿ! ನಮ್ಮ ಮನ್ಯಾಗ ತಿಂಗಳಿಗೆ ಬೇಕಾಗೋದು ಒಂದು ಮಧ್ಯಾಹ್ನಕ್ಕ. ಊಟದ ಹೊತ್ತಿನಾಗ ಮೈದಾನ ಖಾಲಿ ಇತ್ತು, ಮರಿಂಬಾ ಗಿಡದ ನೆಳ್ಳಾಗ ನಿಲ್ಲಿಸಿದ್ರು, ತಂತಿ ಇಲ್ಲ, ಮೈಕ್ ಇಲ್ಲ. ಹುಡುಗ, 'ಅಜ್ಜೀ, ಬಾ ಇಲ್ಲೆ' ಅಂತ ಅಕ್ಕನ ಕೈ ಹಿಡದು ಕರಕೊಂಡು ಹೋದಾ.

ಅಕ್ಕ ಹತ್ತರ ನಿಂತ್ಲು. ಅವಾ ನುಡಸಿದಾ. ಅಕ್ಕ ನಕ್ಕೋತ ತಲಿ ಹಾಕಿದ್ಲು, ಆದ್ರ ನಂಗ ಗೊತ್ತಾತು, ಕೇಳಸಲಿಲ್ಲ. ಅವಂಗೂ ಗೊತ್ತಾತು. ಕೆಳಗಿನ ಕೊಳವಿ ಮ್ಯಾಲೆ ಅಕಿ ಅಂಗೈ ಇಡಸಿ ದಪ್ಪ ಪಟ್ಟಿ ಮ್ಯಾಲೆ ಮೆತ್ತಗ ಒಂದು ಹೊಡದಾ. 'ಗುಂಯ್ ಅಂತದಲ್ಲೋ' ಅಂದ್ಲು ಅಕ್ಕ. ಒಂದು ಕ್ಷಣ ಸುಮ್ಮ ನಿಂತು, ನಾ ಏನೂ ಹೇಳದ, ತಾನ ಪರ್ಸ್ ತಗದು ಮಷಿನ್ ಕಿವಿಗೆ ಹಾಕ್ಕೊಂಡ್ಲು. ಒತ್ತಿದ್ಲು, ತಿರಿವಿದ್ಲು. ಏನಿಲ್ಲ. ಎರಡು ತಿಂಗಳಿಂದ ಪರ್ಸಿನಾಗ ಇದ್ದದ್ದು, ಬ್ಯಾಟರಿ ಮುಗದಿತ್ತು.

ಅಜ್ಜ ಅಲ್ಲೇ ಖುರ್ಚಿ ಹಾಕ್ಕೊಂಡು ಕೂತಿದ್ರು. ಎದ್ದು ಬಂದು ಅಂಗಿ ಕಿಸೆಯಿಂದ ಒಂದು ಸಣ್ಣ ಡಬ್ಬಿ ತಗದ್ರು. ಅದರಾಗ ಗುಂಡಗಿನ ಸಣ್ಣ ಸಣ್ಣ ಬ್ಯಾಟರಿ! ಆಗ ನೋಡಿದೆ, ಅವರ ಎರಡೂ ಕಿವಿ ಹಿಂದ ಮಷಿನ್ ಅದ, ಬಿಳೇ ಕೂದಲಾಗ ಇಷ್ಟು ದಿವಸ ಕಂಡಿದ್ದಿಲ್ಲ. ಪುಣ್ಯಾಕ್ಕ ಅಕ್ಕನ ಮಷಿನ್ನಿಗೂ ಅದ ಅಳತಿ. ಬ್ಯಾಟರಿ ಮ್ಯಾಲಿನ ಚೀಟಿ ಸುಲದು, 'ಒಂದು ಮಿನಿಟ್ ತಡೀರಿ, ಗಾಳಿ ಹೋಗಬೇಕು' ಅಂದ್ರು. ಗಡಿಯಾರ ನೋಡಿಕೋತ ನಿಂತ್ರು. ಹುಡುಗ ಅವರ ಮಾರಿ ನೋಡಿದಾ, ಏನೋ ಅನ್ನಾವ ಇದ್ದ, ಬಾಯಿ ಮುಚ್ಚಿದಾ.

ಮಿನಿಟ್ ಆದ ಮ್ಯಾಲೆ ಅಕ್ಕ ಮಷಿನ್ ಹಾಕ್ಕೊಂಡು ಮೊದಲು ಅಂದದ್ದು, 'ಯಾರೋ ತಾಟು ಬಡೀಲಿಕತ್ತಾರ, ಸುಮ್ಮನಿರ್ಲಿಕ್ಕೆ ಹೇಳ್ರಿ.' ಆಮ್ಯಾಲೆ ಮೊಮ್ಮಗನ ಕಡೆ ತಿರುಗಿ, 'ಹ್ಞಾಂ, ಮೊದಲಿಂದ ನುಡಸು' ಅಂದ್ಲು.